ಹಲಗೆಯ ಋಣ

ನಡುವಯಸ್ಸಿನ ಮನುಷ್ಯನಿಗೆ ಹಿಡಿಯುವ ಹುಚ್ಚುಗಳಲ್ಲಿ ನಿರುಪದ್ರವಿ ಎನ್ನಬಹುದಾದವು ಕೆಲವಿವೆ. ಕೆಲವರು ಗುಲಾಬಿ ಬೆಳೆಸುತ್ತಾರೆ. ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಐವತ್ತರ ಹೊಸ್ತಿಲಲ್ಲಿ ಪಿಟೀಲು ಕಲಿಯಲು ತೊಡಗಿ ನೆರೆಹೊರೆಯವರ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದಾರೆ. ನನಗೆ ಹಿಡಿದದ್ದು ಜಗಲಿಯ ಹುಚ್ಚು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆ ಎಂದರೆ ಮೊದಲು ಜಗಲಿ, ಆಮೇಲೆ ಉಳಿದದ್ದು. ಈಗ ಇರುವುದು ಬೆಂಗಳೂರಿನ ಮೂವತ್ತು-ನಲವತ್ತರ ನಿವೇಶನದಲ್ಲಿ. ಇಲ್ಲಿ ಅಂಗಳವಿಲ್ಲ, ಹಿತ್ತಲಿಲ್ಲ. ಆಕಾಶವೆಂಬುದು ಉಳಿದಿದ್ದರೆ ಅದು ತಾರಸಿಯ ಮೇಲೆ ಮಾತ್ರ. ಆ ತಾರಸಿಯೋ, ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಎಂಟರವರೆಗೂ ಕಾರುತ್ತಿರುತ್ತದೆ. ಅದರ ಒಂದು ಮೂಲೆಗೆ ಮರದ ಹಲಗೆ ಹಾಸಿಬಿಟ್ಟರೆ ಸಂಜೆ ಕಾಲು ನೀಡಿ ಕೂರಬಹುದಲ್ಲ ಎಂದು ನನಗೆ ತೋರಿತು. ಅಂಗಡಿಯವರು ಇದನ್ನು 'ಡೆಕ್' ಎನ್ನುತ್ತಾರೆ. ನನ್ನ ಬಾಯಿಗೆ ಬರುವುದು ಜಗಲಿ ಎಂಬ ಮಾತೇ. ಇದನ್ನು ನನ್ನ ಕೈಯಿಂದಲೇ ಮಾಡಬೇಕೆಂದು ನಿಶ್ಚಯಿಸಿದೆ. ಎರಡು ದಶಕಗಳಿಂದ ಪಂಪ ರನ್ನರನ್ನು ಪಾಠ ಹೇಳಿದ ಕೈಗೆ ಒಂದು ಮೊಳೆಯನ್ನಾದರೂ ನೆಟ್ಟಗೆ ಹೊಡೆದ ಪುಣ್ಯ ಬೇಡವೆ?

ಲೆಕ್ಕ ಸುಲಭವಾಗಿಯೇ ಇತ್ತು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಒಟ್ಟು 96 ಚದರ ಅಡಿ. ಹಲಗೆಯ ದಪ್ಪ ಒಂದು ಅಂಗುಲವಾದರೆ 8 ಘನ ಅಡಿ. ಅದರ ಕೆಳಗೆ ಒಂದೂವರೆ ಅಡಿಗೊಂದರಂತೆ ಎರಡು-ಮೂರು ಅಂಗುಲದ ಒಂಬತ್ತು ಅಡ್ಡಪಟ್ಟಿಗಳು. ಅವು 3 ಘನ ಅಡಿ. ಕೊಯ್ತದಲ್ಲಿ ಹಾಳಾಗುವುದಕ್ಕೆ ಇನ್ನೆರಡು ಸೇರಿಸಿದರೆ 13 ಘನ ಅಡಿ ನಾಟಾ ಬೇಕು. ಪಕ್ಕದ ಮನೆಯ ಇಂಜಿನಿಯರರನ್ನು ಕೇಳಿದೆ. ಇಷ್ಟು ಮರ ಹೆಚ್ಚೆಂದರೆ 250 ಕಿಲೋ ತೂಗೀತು, ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ 150 ಕಿಲೋ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ, ಭಯವಿಲ್ಲ ಎಂದರು. "ತಾರಸಿಗೆ ಮಾತ್ರ ತೂತು ಕೊರೆಯಬೇಡಿ, ಮಳೆಗಾಲದಲ್ಲಿ ನನ್ನನ್ನು ನೆನೆಸಿಕೊಳ್ಳುತ್ತೀರಿ" ಎಂದೂ ಸೇರಿಸಿದರು.

ಹದಿಮೂರು ಘನ ಅಡಿ ಮರ. ಇಷ್ಟು ದೊಡ್ಡ ನಗರದಲ್ಲಿ ಇದೊಂದು ದೊಡ್ಡ ಮಾತೇ ಎಂದುಕೊಂಡು ಒಂದು ಭಾನುವಾರ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಹೊರಟೆ. ಅಲ್ಲಿಂದಲೇ ನನ್ನ ಕಷ್ಟ ಪ್ರಾರಂಭವಾಯಿತು.

ಮೊದಲ ಅಂಗಡಿಯಲ್ಲಿ ತೇಗ ಕೇಳಿದೆ. "ಯಾವ ದೇಶದ್ದು ಬೇಕು?" ಎಂದರು. ತೇಗವೆಂದರೆ ದಾಂಡೇಲಿಯದು, ಇಲ್ಲವೆ ನಿಲಂಬೂರಿನದು, ದುಡ್ಡಿದ್ದವರಿಗೆ ಬರ್ಮಾದ್ದು ಎಂದು ತಿಳಿದಿದ್ದವನು ನಾನು. ಬರ್ಮಾ ದೇಶ 2014ರ ಏಪ್ರಿಲಿನಿಂದ ಮರದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತಂತೆ. ಈಗ ಅಂಗಡಿಯಲ್ಲಿರುವುದು ಘಾನಾದ ತೇಗ, ಈಕ್ವೆಡಾರಿನ ತೇಗ. ಮನೆಗೆ ಬಂದು ಮಗಳ ಭೂಪಟದಲ್ಲಿ ಆ ಎರಡು ದೇಶಗಳನ್ನು ಹುಡುಕಿದೆ. ಒಂದು ಸಂಜೆಯ ಹೊತ್ತು ನಾನು ಕಾಲು ನೀಡುವುದಕ್ಕಾಗಿ ಅಲ್ಲಿಯ ಮರವೊಂದು ಹಡಗು ಹತ್ತಿ ಇಲ್ಲಿಯ ತನಕ ಬರಬೇಕೆ ಎಂಬ ಪ್ರಶ್ನೆ ಊಟದ ಹೊತ್ತಿನಲ್ಲಿ ಗಂಟಲಿಗೆ ಸಿಕ್ಕಿಕೊಂಡಿತು.

ಹಾಗಾದರೆ ನಮ್ಮದೇ ಕಾಡಿನ ಹೊನ್ನೆ, ಮತ್ತಿ, ನಂದಿ? ಇಲ್ಲಿ ನನ್ನ ಬಾಯಿ ಇನ್ನೂ ಕಟ್ಟಿಹೋಯಿತು. 1983ರಲ್ಲಿ ಶಿರಸಿಯ ಹತ್ತಿರ ಸಲ್ಕಣಿಯ ಜನ ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿಕೊಂಡು ನಿಂತ ಅಪ್ಪಿಕೋ ಚಳವಳಿಯ ವಿಷಯವನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಭಾವುಕನಾಗಿ ಹೇಳುವವನು ನಾನು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಕಾಡುಗಳಲ್ಲಿ ಮರ ಕಡಿಯುವುದಕ್ಕೆ ತಡೆ ಹಾಕಿದಾಗ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ನಾನು ಹಾಸ್ಟೆಲಿನಲ್ಲಿ ಸಿಹಿ ಹಂಚಿದ್ದೆ. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲುಸೇತುವೆ ಬೇಡ, ಮರಗಳನ್ನು ಉಳಿಸಿ ಎಂದು ಸಾವಿರಾರು ಜನ ಕೈ ಕೈ ಹಿಡಿದು ನಿಂತರಷ್ಟೆ. ಆ ಸಾಲಿನಲ್ಲಿ ನಾನೂ ಇದ್ದೆ. ಮರ ಕಡಿಯಬಾರದೆಂದು ಬೀದಿಯಲ್ಲಿ ನಿಂತವನು ಅಂಗಡಿಯಲ್ಲಿ ನಿಂತು ಘನ ಅಡಿಗೆ ಎಷ್ಟು ಎಂದು ಕೇಳುವುದು ಹೇಗೆ?

ಅಂಗಡಿಯವರು ಇತರ ದಾರಿಗಳನ್ನು ತೋರಿಸಿದರು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದ ಸಿಲ್ವರ್ ಓಕ್ ಇದೆ. ನೆರಳಿಗೆಂದು ನೆಟ್ಟು, ಮೆಣಸಿನ ಬಳ್ಳಿ ಹಬ್ಬಿಸಿ, ಬೆಳೆದ ಮೇಲೆ ಕಡಿಯುವ ಆಸ್ಟ್ರೇಲಿಯದ ಮರ. ಕಾಡಿಗೆ ನಷ್ಟವಿಲ್ಲ, ಆದರೆ ಬಿಸಿಲು ಮಳೆಯಲ್ಲಿ ಬಾಳುವುದಿಲ್ಲ. ಪೈನ್ ಇದೆ, ಔಷಧಿ ಕುಡಿಸಿದರೆ ಬಾಳುತ್ತದೆ. ಈ ಔಷಧಿಯ ಕಥೆಯೂ ಸ್ವಾರಸ್ಯವಾದದ್ದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳನ್ನು ಸೇರಿಸಿ ಅಗ್ಗದ ಮರವನ್ನು ಗೆದ್ದಲು ಮುಟ್ಟದಂತೆ ಮಾಡುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ ಎಂಬ ನಮ್ಮವರೇ, 1933ರಲ್ಲಿ. ಒಳ್ಳೆಯ ಮರದ ಮೇಲಿನ ಹೊರೆ ಇದರಿಂದ ಎಷ್ಟೋ ಇಳಿಯಿತು. ಎಪ್ಪತ್ತು ವರ್ಷಗಳ ಮೇಲೆ, ಮಕ್ಕಳು ಆಡುವ ಕಡೆ ಆರ್ಸೆನಿಕ್ ಬೇಡವೆಂದು ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಉಪಯೋಗಿಸುವುದನ್ನು 2003ರ ಕೊನೆಗೆ ಕೈಬಿಟ್ಟರು. ಒಬ್ಬ ಮನುಷ್ಯ ಮಾಡಿದ ಉಪಕಾರದಲ್ಲಿಯೂ ವಿಷದ ಒಂದು ತೊಟ್ಟು ಇರಬಹುದೆಂದರೆ ನಮ್ಮಂಥವರ ಪಾಡೇನು?

ಪೀಣ್ಯದ ಕಡೆ ಕಾರ್ಖಾನೆಗಳಿಗೆ ಯಂತ್ರಗಳನ್ನು ಹೊತ್ತು ತರುವ ಮರದ ಅಡಿಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳ ಮೇಲೆ ಮುದ್ರೆ ಇರುತ್ತದೆ. 'ಎಚ್.ಟಿ.' ಎಂದಿದ್ದರೆ ಬಿಸಿಯಲ್ಲಿ ಬೇಯಿಸಿದ್ದು, ಕೊಳ್ಳಬಹುದು, 'ಎಂ.ಬಿ.' ಎಂದಿದ್ದರೆ ವಿಷದ ಹೊಗೆ ಹಾಕಿದ್ದು, ಬಿಡಬೇಕು. ನಾನು ನೋಡಿದವು ಒಂದಕ್ಕೊಂದು ಅಳತೆ ಕೂಡದವು. ಎರಡು ಮಳೆಗಾಲ ತಾಳುವ ಲಕ್ಷಣವೂ ಕಾಣಲಿಲ್ಲ. ಮರದ ಪುಡಿಗೆ ಪ್ಲಾಸ್ಟಿಕ್ ಸೇರಿಸಿ ಅಚ್ಚು ಹೊಯ್ದ ಹಲಗೆಯನ್ನು ತೋರಿಸಿದ ತರುಣನೊಬ್ಬ, "ಸಾರ್, ಇದು ಕೊಳೆಯುವುದೇ ಇಲ್ಲ" ಎಂದ. ಅದೇ ನನ್ನನ್ನು ಹೆದರಿಸಿತು. ಬಿದಿರಿನ ಹಲಗೆಯೂ ಇತ್ತು. ಸಸ್ಯಶಾಸ್ತ್ರದವರು ಬಿದಿರನ್ನು ಹುಲ್ಲು ಎನ್ನುತ್ತಾರೆ. ನಮ್ಮ ಅರಣ್ಯ ಕಾನೂನು 2017ರಲ್ಲಿ ತಿದ್ದುಪಡಿಯಾಗುವ ತನಕ ಅದನ್ನು ಮರವೆಂದೇ ಎಣಿಸಿತ್ತು. ಹುಲ್ಲಿನ ಮೇಲೆ ಕೂರುವುದರಲ್ಲಿ ಪಾಪವಿಲ್ಲ ನಿಜ. ಆದರೆ ಅದರ ಬೆಲೆ ನನ್ನ ಸಂಬಳಕ್ಕೆ ಮೀರಿದ್ದು.

ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆಯ ಹೆಸರನ್ನು ವಾಚಕರು ಕೇಳಿರಬಹುದು. 1938ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಪ್ರಯೋಗಾಲಯ ಬೆಳೆದು ಆದ ಸಂಸ್ಥೆ ಅದು. ಮರದ ಬಾಳಿಕೆಯನ್ನು ಅಳೆಯುವುದಕ್ಕೆ ವಿಜ್ಞಾನಿಗಳು ಒಂದು ಪರೀಕ್ಷೆ ಮಾಡುತ್ತಾರೆ. ಒಂದೇ ಅಳತೆಯ ಗೂಟಗಳನ್ನು ಬಯಲಿನಲ್ಲಿ ಸಾಲಾಗಿ ಅರ್ಧ ಹೂತು, ಗೆದ್ದಲಿಗೂ ಮಳೆಗೂ ಬಿಟ್ಟು, ಯಾವುದು ಎಷ್ಟು ತಿಂಗಳು ನಿಂತಿತು ಎಂದು ಬರೆದಿಡುತ್ತಾರೆ. ಸಾಲುಗೂಟಗಳ ಆ ಬಯಲು ಗೋರಿಗಳಂತೆ ಕಾಣುವುದರಿಂದ ಇದಕ್ಕೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಸರಾಸರಿ 120 ತಿಂಗಳು ದಾಟಿದ್ದು ಮೊದಲ ದರ್ಜೆ. 60 ದಾಟದ್ದು ಮೂರನೆಯದು. ಮರಗಳಿಗೆ ಇಷ್ಟು ಖಚಿತವಾದ ಪರೀಕ್ಷೆ ಇದೆ. ಮರ ಕೊಳ್ಳುವವನಿಗೆ ಇಂಥ ಪರೀಕ್ಷೆ ಯಾವುದು?

ಹೀಗೆ ನಾಲ್ಕು ವಾರ ಅಲೆದು ಬರಿಗೈಲಿ ಬಂದದ್ದನ್ನು ಕಾಲೇಜಿನ ತತ್ತ್ವಶಾಸ್ತ್ರದ ಅಧ್ಯಾಪಕ ಮಿತ್ರರಿಗೆ ಹೇಳಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, "ಸ್ವಾಮಿ, ನೀವು ಮರ ಹುಡುಕುತ್ತಿಲ್ಲ, ಖುಲಾಸೆ ಹುಡುಕುತ್ತಿದ್ದೀರಿ" ಎಂದರು. ಮತ್ತೆ, ನನ್ನ ಮುಖ ನೋಡಿ ಕನಿಕರಪಟ್ಟು, "ಹಳೆಯ ಮರ ಕೊಳ್ಳಿ. ಕೆಡವಿದ ಮನೆಗಳ ತೊಲೆ, ಬಾಗಿಲು ಸಿಗುತ್ತವಲ್ಲ. ಪಾಪವಿದ್ದರೆ ಕಡಿದವನದು. ಅವನು ಸತ್ತು ನೂರು ವರ್ಷವಾಗಿದೆ" ಎಂದರು.

ಈ ಮಾತು ನನಗೆ ಬಹಳ ಹಿಡಿಸಿತು. ಒಳ್ಳೆಯ ತೇಗದ ಆಯುಸ್ಸು ಎಂಥದೆಂಬುದಕ್ಕೆ, 1817ರಲ್ಲಿ ಬೊಂಬಾಯಿಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲೀ ಎಂಬ ಹಡಗು ಇಂಗ್ಲೆಂಡಿನ ನೀರಿನಲ್ಲಿ ಇಂದಿಗೂ ತೇಲುತ್ತಿರುವುದೇ ಸಾಕ್ಷಿ. ಅಂಥ ಮರ ನಮ್ಮ ಹಳೆಯ ಮನೆಗಳಲ್ಲಿದೆ. ಮನೆ ಬಿದ್ದರೂ ಮರ ಉಳಿದಿರುತ್ತದೆ. ಅದನ್ನು ಕೊಂಡರೆ ಹೊಸದಾಗಿ ಒಂದು ಕಡ್ಡಿಯನ್ನೂ ಮುರಿದ ಹಾಗಾಗುವುದಿಲ್ಲ. ಧರ್ಮವೂ ಉಳಿಯಿತು, ದುಡ್ಡೂ ಉಳಿಯಿತು ಎಂದು ಹಿಗ್ಗಿದೆ.

ಹಳೆಯ ನಾಟಾ ಮಾರುವ ಆ ಅಂಗಳ ಊರ ಹೊರಗೆ, ಹೆದ್ದಾರಿಯ ಪಕ್ಕದಲ್ಲಿದೆ. ತಗಡಿನ ಮಾಡಿನ ಕೆಳಗೆ ಬಾಗಿಲುಗಳೊಂದು ಕಡೆ, ಕಿಟಕಿಗಳೊಂದು ಕಡೆ, ತೊಲೆ, ಪಕಾಸಿ, ರೀಪುಗಳೊಂದು ಕಡೆ; ಗೋಡೆಗೆ ಒರಗಿದ ಕಂಬಗಳು ಪಂಕ್ತಿಗೆ ಕಾದು ನಿಂತ ನೆಂಟರ ಹಾಗೆ. ಒಂದು ಹೊಸ್ತಿಲಿನ ಮೇಲೆ ಅರಿಶಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಯಜಮಾನರು ಅರುವತ್ತು ದಾಟಿದವರು, ಮಿತಭಾಷಿ. ನಾನು ಅಧ್ಯಾಪಕನೆಂದು ತಿಳಿದ ಮೇಲೆ "ಮೇಷ್ಟ್ರೇ" ಎನ್ನತೊಡಗಿದರು. ಐದು-ಮೂರು ಅಂಗುಲದ ಒಂದು ರಾಶಿ ಬಾಗಿಲುವಾಡಗಳನ್ನು ತೋರಿಸಿ, "ಇದು ಹೊನ್ನೆ, ಮಲೆನಾಡಿಂದು. ಕೊಯ್ಸಿದರೆ ಒಂದೊಂದರಲ್ಲಿ ಎರಡು ಹಲಗೆ ಬರ್ತದೆ. ಘನ ಅಡಿಗೆ ಎರಡು ಸಾವಿರ" ಎಂದರು.

ಚೌಕಾಸಿ ನಮ್ಮ ಮಧ್ಯಮವರ್ಗದವರ ಕುಲಧರ್ಮ. ಮೊಳೆಯ ತೂತುಗಳನ್ನು ಎಣಿಸಿದೆ, ಒಂದೆರಡು ಸೀಳು ತೋರಿಸಿದೆ. ಒಂದು ಕಂಬದ ಒಳಮೈಯಲ್ಲಿ ಚಾಕುವಿನಿಂದ ಕೊರೆದ ಹಾಗೆ ಅಡ್ಡಗೀರುಗಳಿದ್ದವು. ಅದನ್ನು ಬೆರಳಿಂದ ಮುಟ್ಟಿ, "ನೋಡಿ, ಮೈಯೆಲ್ಲ ಗೀರು. ಯಾರೋ ಕಚ್ಚು ಹಾಕಿ ಹಾಳುಮಾಡಿದ್ದಾರೆ" ಎಂದು ಗಂಭೀರವಾಗಿ ತಲೆಯಾಡಿಸಿದೆ. ಅಂತೂ ಸಾವಿರದ ಏಳುನೂರಕ್ಕೆ ಇಳಿಸಿದೆ. ಹದಿಮೂರು ಘನ ಅಡಿಗೆ 22,100 ರೂಪಾಯಿ. 3,900 ಉಳಿಸಿದೆ ಎಂದು ಒಳಗೊಳಗೇ ಬೀಗಿದೆ.

ಹಣ ಎಣಿಸಿ ಕೊಟ್ಟ ಮೇಲೆ, ಆಳುಗಳು ಮರವನ್ನು ಟೆಂಪೋಗೆ ಹೇರುತ್ತಿದ್ದಾಗ, ಆ ಗೀರುಗಳು ಬಿಸಿಲಿಗೆ ಬಂದವು. ಒಟ್ಟು ಒಂಬತ್ತು. ಪ್ರತಿಯೊಂದರ ಪಕ್ಕದಲ್ಲಿಯೂ ಒಂದು ಅಕ್ಷರ ಕೊರೆದಿತ್ತು. 'ಶಾ' ಎಂಬುದು ನನ್ನ ಸೊಂಟದಿಂದ ಹೊರಟು ಏಳು ಗೀರುಗಳಲ್ಲಿ ನನ್ನ ಎದೆಯ ತನಕ ಏರಿತ್ತು. 'ಮ' ಎಂಬುದಕ್ಕೆ ಎರಡೇ ಗೀರು, ಎರಡೂ ಕೆಳಗೆ. ಒಂದರ ಮುಂದೆ '61' ಎಂದಿತ್ತು.

ಅದು ಹಾಳುಮಾಡಿದ ಮರವಲ್ಲ. ವರ್ಷಕ್ಕೊಮ್ಮೆ, ಯುಗಾದಿಯ ದಿನವೋ ಹುಟ್ಟಿದ ದಿನವೋ, ಮಕ್ಕಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು, ಯಾರೋ ತಂದೆಯೋ ಅಜ್ಜನೋ ಅಳೆದಿಟ್ಟ ಗುರುತು. ಅದನ್ನೇ ಕುಂದೆಂದು ತೋರಿಸಿ ನಾನು ಬೆಲೆ ಇಳಿಸಿದ್ದೆ.

ಯಜಮಾನರು ನನ್ನ ದೃಷ್ಟಿಯನ್ನು ಕಂಡು, ನಾನು ಇನ್ನೂ ಕುಂದಿನ ವಿಷಯವನ್ನೇ ಯೋಚಿಸುತ್ತಿರುವೆನೆಂದು ತಿಳಿದು, "ಮೇಲೊಂದು ಹತ್ತರಿ ಹೊಡೆಸಿಬಿಡಿ ಮೇಷ್ಟ್ರೇ. ಎರಡು ನೂಲು ಹೋಗ್ತದೆ, ಕನ್ನಡಿ ಹಾಗೆ ನುಣ್ಣಗಾಗ್ತದೆ" ಎಂದರು.

"ಇದು ಯಾರ ಮನೆಯದು?" ಎಂದೆ.

"ಯಾರಿಗೆ ಗೊತ್ತು? ಕಂಟ್ರಾಕ್ಟು ಹಿಡಿದವರು ಲಾರಿಯಲ್ಲಿ ತಂದು ಹಾಕ್ತಾರೆ. ಹತ್ತು ಮನೆಯದು ಒಂದರಲ್ಲೇ ಇರ್ತದೆ" ಎಂದವರು ಸ್ವಲ್ಪ ತಡೆದು, "ನಿಮ್ಮದಂತೂ ಅಲ್ಲವಲ್ಲ" ಎಂದರು.

ಅವರು ಸಹಜವಾಗಿ ಆಡಿದ ಮಾತು. ನನ್ನಲ್ಲಿ ಅದು ನಾಟಿಕೊಂಡಿತು. ನನ್ನದೇ ಮನೆಯ ಮರವೆಂದು ತಿಳಿದಿದ್ದರೆ ನಾನು ಕೇಳಿದಷ್ಟು ಕೊಟ್ಟು ತರುತ್ತಿದ್ದೆ. ಸಾಲ ಮಾಡಿಯಾದರೂ ತರುತ್ತಿದ್ದೆ. ಬೇರೆಯವರದಾದ್ದರಿಂದ ಘನ ಅಡಿಗೆ ಮುನ್ನೂರು ಇಳಿಸಿದೆ. ಮರ ಅದೇ, ಅದನ್ನು ಆಶ್ರಯಿಸಿದ್ದ ಬಾಲ್ಯವೂ ಅಂಥದೇ. ವ್ಯತ್ಯಾಸ ಅದು ನನ್ನದಲ್ಲ ಎಂಬುದೊಂದೇ. ನೀತಿಯ ಪ್ರಶ್ನೆಗಳಲ್ಲಿ ಬಹುಪಾಲು ಈ 'ನನ್ನದಲ್ಲ' ಎಂಬ ಗೆರೆಯ ಮೇಲೆಯೇ ನಿಂತಿರುವಂತೆ ಕಾಣುತ್ತದೆ.

ಹಲಗೆಗಳು ಮನೆಗೆ ಬಂದವು. ಸಾಮಿಲ್ಲಿನಲ್ಲಿ ಕೊಯ್ಸುವಾಗ ಗುರುತಿನ ಮೈ ಒಂದು ಹಲಗೆಯ ಮೇಲೆ ಹಾಗೆಯೇ ಉಳಿಯುವಂತೆ ನೋಡಿಕೊಂಡೆ. ಈಗ ಆ ಒಂದು ಹಲಗೆಯನ್ನು ಏನು ಮಾಡುವುದು?

ಮೂರು ದಾರಿಗಳಿದ್ದವು. ಹತ್ತರಿ ಹೊಡೆಸಿ ನುಣ್ಣಗೆ ಮಾಡುವುದು ಮೊದಲನೆಯದು. ಹಣ ಕೊಟ್ಟಿದ್ದೇನೆ, ವಸ್ತು ನನ್ನದು. ಅದರ ಮೈಮೇಲಿನದನ್ನು ಅಳಿಸುವ ಅಧಿಕಾರ ನನಗುಂಟು. ಕಾನೂನಿನ ಪ್ರಕಾರ ಇದರಲ್ಲಿ ದೋಷವಿಲ್ಲ. ಆದರೆ ನಾನು ಕೊಟ್ಟ ಹಣ ಮರಕ್ಕೆ. ಆ ಗುರುತುಗಳನ್ನು ನನಗೆ ಯಾರೂ ಮಾರಲಿಲ್ಲ. ಅವುಗಳಿಗೆ ಬೆಲೆ ಕಟ್ಟಿದವನು ನಾನೊಬ್ಬನೇ, ಅದೂ ಋಣಸಂಖ್ಯೆಯಲ್ಲಿ.

ಎರಡನೆಯದು ಗುರುತುಗಳನ್ನು ಮೇಲ್ಮುಖವಾಗಿ ಇಡುವುದು. ಬಂದವರೆಲ್ಲ ನೋಡುತ್ತಾರೆ, "ಎಂಥ ರಸಿಕರಪ್ಪ!" ಎನ್ನುತ್ತಾರೆ. ಪೇಟೆಯ ಹೋಟೆಲುಗಳಲ್ಲಿ ಹಳ್ಳಿಯ ಒನಕೆ, ಕಡೆಗೋಲುಗಳನ್ನು ಗೋಡೆಗೆ ನೇತುಹಾಕಿರುವುದನ್ನು ನೋಡಿ ನಾನು ಹಾಸ್ಯ ಮಾಡಿದ್ದುಂಟು. ಇನ್ನೊಬ್ಬರ ಮಕ್ಕಳ ಬೆಳವಣಿಗೆಯನ್ನು ನನ್ನ ಅಭಿರುಚಿಯ ಪ್ರದರ್ಶನಕ್ಕೆ ಇಡುವುದು ಅದಕ್ಕಿಂತ ಉತ್ತಮವೆ? ಅದೂ ಕಾಲಿನ ಕೆಳಗೆ!

ಮೂರನೆಯದು ಹಲಗೆಯನ್ನು ಮಗುಚಿ, ಗುರುತು ಕೆಳಗಾಗುವಂತೆ ಹಾಸುವುದು. ಅಳಿಸಿದಂತೆಯೂ ಆಗಲಿಲ್ಲ, ಮೆರೆಸಿದಂತೆಯೂ ಆಗಲಿಲ್ಲ.

ನಮ್ಮ ಹಿರಿಯರು ಇಂಥ ಸಂಕಟವನ್ನು ಅರಿಯದವರಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ವಿಗ್ರಹಕ್ಕಾಗಿ ಮರ ತರಲು ಕಾಡಿಗೆ ಹೋಗುವುದನ್ನು ಕುರಿತೇ ಒಂದು ಅಧ್ಯಾಯವಿದೆ. ಆರಿಸಿದ ಮರಕ್ಕೆ ರಾತ್ರಿ ಬಲಿ ಅರ್ಪಿಸಿ, ಅದರಲ್ಲಿ ವಾಸಿಸುವ ಭೂತಗಳೆಲ್ಲ ಇದನ್ನು ಸ್ವೀಕರಿಸಿ ಬೇರೆ ಕಡೆ ಬಿಡಾರ ಮಾಡಿಕೊಳ್ಳಬೇಕೆಂದು ಪ್ರಾರ್ಥಿಸಿ, ಬೆಳಿಗ್ಗೆ ಕಡಿಯಬೇಕೆಂದು ಅಲ್ಲಿ ವಿಧಿಸಿದೆ. ಇದನ್ನು ಓದಿದಾಗ ತರುಣನಾದ ನನಗೆ ನಗು ಬಂದಿತ್ತು: ಕ್ಷಮೆ ಕೇಳಿಯೂ ಕಡಿಯುವುದು ತಪ್ಪಲಿಲ್ಲವಲ್ಲ! ಈಗ ಹಾಗೆ ತೋರುವುದಿಲ್ಲ. ಆ ಪ್ರಾರ್ಥನೆಯಿಂದ ಮರ ಉಳಿಯುವುದಿಲ್ಲ ನಿಜ. ಆದರೆ ಕಡಿಯುವವನು ಒಂದು ರಾತ್ರಿ ಮರದ ಬುಡದಲ್ಲಿ ನಿಂತು, ಇದು ಬರಿಯ ನಾಟಾ ಅಲ್ಲ, ಇದರಲ್ಲಿ ಯಾರೋ ಇದ್ದಾರೆ, ಅವರನ್ನು ನಾನು ಎಬ್ಬಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಒಪ್ಪಿಕೊಂಡು ಮಾಡುವ ಹಾನಿಗೂ ಒಪ್ಪಿಕೊಳ್ಳದೆ ಮಾಡುವ ಹಾನಿಗೂ ಭೇದವಿದೆ. ಒಪ್ಪಿಕೊಂಡವನಿಗೆ ಮುಂದಿನ ಮರದ ಬಳಿ ಕೈ ಸ್ವಲ್ಪ ಅಳುಕುತ್ತದೆ.

ಇಷ್ಟೆಲ್ಲ ಯೋಚಿಸಿ, ಹಲಗೆಯನ್ನು ಮಗುಚಿ ಹಾಕುವುದೇ ಸರಿ ಎಂದು ಮನೆಯಲ್ಲಿ ಪ್ರಕಟಿಸಿದೆ. ನನ್ನವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಮುಚ್ಚಿಡುವುದು ನಿಮಗೆ ಅಭ್ಯಾಸವೇ ಅಲ್ಲವೆ?" ಎಂದಳು.

ಅವಳು ಏನನ್ನು ಕುರಿತು ಹೇಳಿದಳೆಂಬುದು ನನಗೆ ತಕ್ಷಣ ತಿಳಿಯಿತು. ಅದನ್ನು ವಾಚಕರಿಗೂ ಹೇಳದಿದ್ದರೆ ಈ ಬರವಣಿಗೆಯೇ ಇನ್ನೊಂದು ಮಗುಚಿದ ಹಲಗೆಯಾದೀತು.

2011ರಲ್ಲಿ, ತಂದೆ ತೀರಿಕೊಂಡ ಎರಡು ವರ್ಷಕ್ಕೆ, ನಾವು ಅಣ್ಣತಮ್ಮಂದಿರು ಊರಿನ ಮನೆಯನ್ನು ಮಾರಿದೆವು. ಕೊಂಡವರಿಗೆ ಜಾಗ ಮಾತ್ರ ಬೇಕಾಗಿತ್ತು. ಮನೆಯನ್ನು ಬಿಚ್ಚುವುದಕ್ಕೆ ಯಾರೋ ಗುತ್ತಿಗೆ ಹಿಡಿದರು. ನನ್ನ ಪಾಲಿನ ಹಣದಿಂದಲೇ ಈ ಬೆಂಗಳೂರಿನ ಮನೆಯ ಸಾಲ ತೀರಿದ್ದು. ಅಮ್ಮ ಶಿವಮೊಗ್ಗದಲ್ಲಿ ಅಣ್ಣನ ಮನೆಗೆ ಬಂದಳು. ಅವಳು ಹೊಲದ ವಿಷಯ ಕೇಳಲಿಲ್ಲ, ಹಣದ ವಿಷಯ ಕೇಳಲಿಲ್ಲ. ಒಂದು ದಿನ, "ಜಗಲಿಯ ಕಂಬಗಳನ್ನು ಎಂತ ಮಾಡಿದರೋ?" ಎಂದಳು. ನನಗೆ ಗೊತ್ತಿರಲಿಲ್ಲ, ನಾನು ವಿಚಾರಿಸಿಯೂ ಇರಲಿಲ್ಲ. "ಯಾವುದೋ ದೇವಸ್ಥಾನದವರು ಒಯ್ದರಂತೆ ಅಮ್ಮಾ" ಎಂದುಬಿಟ್ಟೆ. ಅವಳ ಮುಖ ಬೆಳಗಿತು. "ಒಳ್ಳೆಯದಾಯಿತು ಬಿಡು" ಎಂದಳು.

ಅಲ್ಲಿಗೆ ಮುಗಿದಿದ್ದರೆ ಅದೊಂದು ಸಣ್ಣ ಸುಳ್ಳು. ಆದರೆ ಅಂದಿನಿಂದ ಅಮ್ಮ ಯಾವ ದೇವಸ್ಥಾನಕ್ಕೆ ಹೋದರೂ ಕಂಬ ನೋಡುತ್ತಾಳೆ. ಮೊದಲು ದೇವರಿಗೆ ಕೈ ಮುಗಿದು, ಆಮೇಲೆ ಪ್ರಾಂಗಣದ ಮರದ ಕಂಬಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಇದಲ್ಲ" ಎನ್ನುತ್ತಾಳೆ. ಹತ್ತು ವರ್ಷಕ್ಕೂ ಮೇಲಾಯಿತು. ಅವಳ ಪಕ್ಕದಲ್ಲಿ ನಿಂತು ನಾನೂ ಕಂಬ ನೋಡಿದ್ದೇನೆ.

ಜಗಲಿ ಎದ್ದಿತು. ಐದು ಭಾನುವಾರ ಹಿಡಿಯಿತು. ನಾನೂ ಮಗಳೂ ತಾರಸಿಯ ಇಳಿಜಾರನ್ನು ನೋಡಿಕೊಂಡು, ನೀರು ನಿಲ್ಲದಂತೆ ಅಡ್ಡಪಟ್ಟಿಗಳನ್ನು ಇಟ್ಟೆವು. ಅವುಗಳ ಕೆಳಗೆ ರಬ್ಬರಿನ ತುಂಡು ಕೊಟ್ಟೆವು. ಹಲಗೆಗೂ ಹಲಗೆಗೂ ನಡುವೆ ಎರಡು ನೂಲು ಸಂದು ಬಿಟ್ಟು, ತುಕ್ಕು ಹಿಡಿಯದ ತಿರುಪು ಹಾಕಿದೆವು. ಮೊಳೆಯನ್ನು ನೆಟ್ಟಗೆ ಹೊಡೆಯುವ ಪುಣ್ಯ ನನಗೆ ಲಭಿಸಲಿಲ್ಲ. ತಿರುಪುಗಳಲ್ಲಿ ಅರ್ಧಕ್ಕೂ ಹೆಚ್ಚು ಮಗಳು ಹಾಕಿದವು. ಮೇಲೆ ಅಗಸೆ ಎಣ್ಣೆ ಸವರಿದೆವು. ಗುರುತಿನ ಹಲಗೆ ಮೂಲೆಯಲ್ಲಿ, ಮಗುಚಿಕೊಂಡು ಮಲಗಿತು.

ಶ್ರಾವಣದಲ್ಲಿ ಅಮ್ಮ ಬಂದಳು. ಮಂಡಿನೋವನ್ನು ಸಹಿಸಿಕೊಂಡು ಮೆಟ್ಟಿಲು ಹತ್ತಿದಳು. ಹಿಂದಿನ ರಾತ್ರಿ ಮಳೆಯಾಗಿತ್ತು. ಹಲಗೆಯ ಸಂದಿನಿಂದ ಇಳಿದ ನೀರು ತಾರಸಿಯ ಮೇಲೆ ಕಂದು ಕಲೆ ಬಿಟ್ಟಿತ್ತು. ಅದನ್ನು ನೋಡಿಯೇ, "ಹೊನ್ನೆ ಅಲ್ವಾ?" ಎಂದಳು. ಕುಳಿತು, ಅಂಗೈಯಿಂದ ಹಲಗೆಯನ್ನು ಸವರಿದಳು. ಮಗಳು ಸುಮ್ಮನಿರಲಾರದೆ ಗುರುತಿನ ಕಥೆಯನ್ನೆಲ್ಲ ಅಜ್ಜಿಗೆ ಹೇಳಿದಳು. ಅಮ್ಮ ನೋಡಬೇಕೆಂದಳು. ತಿರುಪು ಬಿಚ್ಚಿ ಹಲಗೆ ಎತ್ತಿದೆವು. ಅಮ್ಮ ಕನ್ನಡಕ ಸರಿಮಾಡಿಕೊಂಡು, ಗೀರುಗಳ ಮೇಲೆ ಬೆರಳಿಟ್ಟು ಕೆಳಗಿಂದ ಎಣಿಸಿದಳು. 'ಮ'ದ ಹತ್ತಿರ ಬೆರಳು ನಿಂತಿತು.

"ಇದು ಎರಡಕ್ಕೇ ನಿಂತಿದೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಾಗೇ ಮುಚ್ಚಿ. ಕಾಲಿಗೆ ಸಿಗಬಾರದು" ಎಂದಳು.

ಮಗಳು ತಿರುಪು ಹಾಕುತ್ತಿದ್ದಳು. ನಾನು ಆಗಲೇ ಹೇಳಿದೆ. ಮೊದಲೇ ಯೋಚಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ಅಮ್ಮಾ, ನಮ್ಮ ಕಂಬ ದೇವಸ್ಥಾನಕ್ಕೆ ಹೋಗಲಿಲ್ಲ. ನಾನು ಸುಳ್ಳು ಹೇಳಿದೆ. ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ" ಎಂದೆ.

ಅಮ್ಮ ಬೈಯಲಿಲ್ಲ. "ಈ ಮರಕ್ಕೆ ಎಷ್ಟು ಕೊಟ್ಟೆ?" ಎಂದು ಕೇಳಿದಳು. ಹೇಳಿದೆ. "ನಮ್ಮದಕ್ಕೆ ಎಷ್ಟು ಬಂತು?" ಎಂದಳು. ಅದೂ ನನಗೆ ಗೊತ್ತಿರಲಿಲ್ಲ; ಒಟ್ಟು ಹಣದಲ್ಲಿ ಮರದ ಲೆಕ್ಕವನ್ನು ನಾವು ಬೇರೆ ಕೇಳಿರಲಿಲ್ಲ. ಅವಳು ಬೆರಳು ಮಡಿಚುತ್ತ ತನ್ನಷ್ಟಕ್ಕೆ ಹೇಳಿಕೊಂಡಳು: ಜಗಲಿಗೆ ಆರು ಕಂಬ, ನಾಲ್ಕು ಹಲಸು, ಎರಡು ಹೊನ್ನೆ. ಒಳಗೆ ನಾಲ್ಕು, ಅವು ಮತ್ತಿ. ಮಾಳಿಗೆಯ ತೊಲೆ ನಂದಿ, ಅವಳ ಮಾವ ಇದ್ದಾಗ ಹಾಕಿಸಿದ್ದು. ನಾನು ಹದಿನೆಂಟು ವರ್ಷ ಬಾಳಿದ ಮನೆ ಅದು. ಇವುಗಳಲ್ಲಿ ಒಂದಾದರೂ ನನಗೆ ತಿಳಿದಿರಲಿಲ್ಲ. ನನ್ನದಲ್ಲದ ಮರದ ವಿಷಯದಲ್ಲಿ ಇಷ್ಟೆಲ್ಲ ಧರ್ಮಜಿಜ್ಞಾಸೆ ಮಾಡಿದವನು ನನ್ನದೇ ಮರದ ಹೆಸರನ್ನೂ ಕೇಳಿ ತಿಳಿಯದೆ ಮಾರಿದ್ದೆ.

ಕತ್ತಲಾಗುತ್ತ ಬಂತು. ಅಮ್ಮ ಏಳಲು ಕೈ ಚಾಚಿದಳು, ಹಿಡಿದು ಎಬ್ಬಿಸಿದೆ. ಮೆಟ್ಟಿಲ ಹತ್ತಿರ ಬಂದಾಗ, "ಹಾಗಾದರೆ ಇನ್ನು ಕಂಬ ನೋಡುವ ಕೆಲಸ ಇಲ್ಲ" ಎಂದಳು.

ಸಾಲ ತೀರಿಸಿದವನ ಹಗುರವನ್ನು ನಾನು ಎದುರುನೋಡುತ್ತಿದ್ದೆ, ಅದು ಬರಲಿಲ್ಲ. ಒಂದು ಸುಳ್ಳನ್ನು ಹಿಂದಕ್ಕೆ ತೆಗೆದುಕೊಂಡೆ. ಅದರ ಜೊತೆಗೆ ಅವಳ ಕೈಯಿಂದ ಇನ್ನೇನನ್ನು ಕಿತ್ತುಕೊಂಡೆನೋ ತಿಳಿಯದು. ಇನ್ನೊಂದು ಸಾಲ ಹಾಗೆಯೇ ಉಳಿದಿತ್ತು. ಮರುವಾರ ನಾಟಾ ಅಂಗಳಕ್ಕೆ ಹೋಗಿ ಆ 3,900 ರೂಪಾಯಿಯನ್ನು ಯಜಮಾನರ ಮುಂದೆ ಇಟ್ಟೆ. ಅವರು ಕಾರಣ ಕೇಳಿ ನಕ್ಕು, "ವ್ಯಾಪಾರ ಮುಗೀತು ಮೇಷ್ಟ್ರೇ. ಇದನ್ನು ಯಾವ ಲೆಕ್ಕಕ್ಕೆ ಬರೆಯಲಿ?" ಎಂದು ಹಿಂದಕ್ಕೆ ಕೊಟ್ಟರು.

ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಸಂಜೆಯ ಹೊತ್ತು ಜಗಲಿಯ ಮೇಲೆ ಕೂರುತ್ತೇನೆ. ಹಲಗೆ ತಂಪಾಗಿರುತ್ತದೆ. ಆ ಮೂಲೆಯಲ್ಲಿ ಮಾತ್ರ ಯಾರೂ ಕಾಲಿಡುವುದಿಲ್ಲ.